ಅದಲು ಬದಲಿಗೂ ತೆರಿಗೆಯಂತೆ

ನನಗೆ ಹಠ ಬರುವುದು ಅಪರೂಪ. ಸಂತೆಯಲ್ಲಿ ಚೌಕಾಸಿ ಮಾಡಿ ಸೊಪ್ಪಿನವಳನ್ನು ಸೋಲಿಸಬೇಕೆಂಬ ಹಠ ನನಗಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಬೇಕೆಂಬ ಹಠವಿಲ್ಲ. ಟಿ.ವಿ. ರಿಮೋಟಿನ ಮೇಲಿನ ಹಕ್ಕನ್ನಂತೂ ಅದು ಮನೆಗೆ ಬಂದ ದಿನವೇ ಹೆಂಡತಿಗೆ ಬಿಟ್ಟುಕೊಟ್ಟವನು ನಾನು. ಆದರೆ ಯಾರಾದರೂ ನನ್ನ ಮುಖ ನೋಡಿ, ‘ಇದು ನಿಮಗೆ ಅರ್ಥವಾಗಲ್ಲ ಬಿಡಿ’ ಎಂದರೆ ಮುಗಿಯಿತು. ಅದು ಅರ್ಥವಾಗುವವರೆಗೆ ನನಗೆ ಅನ್ನ ಸೇರುವುದಿಲ್ಲ. ಅನ್ನ ಸೇರುವುದಿಲ್ಲ ಎಂದದ್ದು ಒಸಿ ಹೆಚ್ಚಾಯಿತು, ಮುದ್ದೆ ಎರಡರ ಬದಲು ಒಂದೂವರೆ ಆಗುತ್ತದೆ. ಯಾಕೆಂದರೆ ನಾನು ಬಿ.ಕಾಂ. ಮಾಡಿದವನು. ಮೂರನೇ ದರ್ಜೆಯಲ್ಲಿ, ಎರಡನೆಯ ಪ್ರಯತ್ನದಲ್ಲಿ ಎಂಬುದು ನಿಜ, ಆದರೆ ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ರಾಗಿ ಬೀಸುವ ಮಿಲ್ಲಿಟ್ಟುಕೊಂಡ ಬಿ.ಕಾಂ. ಪದವೀಧರ ನಾನೊಬ್ಬನೇ. ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮಿಲ್ಲಿನ ಗೋಡೆಗೆ ನೇತುಹಾಕಿದ್ದೇನೆ. ಅದರ ಗಾಜಿನ ಮೇಲೆ ಹಿಟ್ಟು ಕೂತು ಕೂತು ಈಗ ದರ್ಜೆ ಯಾವುದೆಂದು ಯಾರಿಗೂ ಕಾಣುವುದಿಲ್ಲ. ನಾನೂ ಒರೆಸಲು ಹೋಗುವುದಿಲ್ಲ.

ಈ ಹಿಟ್ಟಿನಿಂದಲೇ ನನ್ನ ತಾಪತ್ರಯ ಶುರುವಾದದ್ದು. ನಾನು ಹುಡುಗನಾಗಿದ್ದಾಗ ನಮ್ಮಪ್ಪನ ರಾಗಿ ಮಿಲ್ಲು ಬೀದಿಯ ಪಡುವಣ ತುದಿಯ ಶೆಡ್ಡಿನಲ್ಲಿತ್ತು. ಅದರ ಪಕ್ಕದಲ್ಲೇ, ಮೂಡಣಕ್ಕೆ, ಒಬ್ಬ ಸಾಹೇಬರ ಶೆಡ್ಡು. ಅವರದು ಮರದ ಬೊಂಬೆ ಕಡೆಯುವ ಕೆಲಸ. ಲೇತಿನ ಮೇಲೆ ಮರದ ತುಂಡು ಗಿರಗಿರ ತಿರುಗುವಾಗ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಆಮೇಲೆ ಗರಿಯಿಂದ ಉಜ್ಜಿದರೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಎಲ್ಲ ಚೆನ್ನಾಗಿಯೇ ಇತ್ತು, ಆಷಾಢದ ಗಾಳಿ ಏಳುವವರೆಗೆ. ಆಷಾಢದಲ್ಲಿ ನಮ್ಮ ಕಡೆ ಗಾಳಿ ಪಡುವಣದಿಂದ ಬೀಸುತ್ತದೆ. ನಮ್ಮಪ್ಪನ ಮಿಲ್ಲಿನಿಂದ ಎದ್ದ ರಾಗಿ ಹಿಟ್ಟು ನೇರವಾಗಿ ಸಾಹೇಬರ ಶೆಡ್ಡಿಗೆ ಹೋಗಿ ಬಿಸಿ ಅರಗಿನ ಮೇಲೆ ಕೂರುತ್ತಿತ್ತು. ಕೆಂಪು ಬುಗುರಿಗಳಿಗೆಲ್ಲ ಬೂದಿ ಮೆತ್ತಿದ ಬಣ್ಣ. ಒಂದು ಸಲ ಆನೆ ಬೊಂಬೆಗಳು ಹಿಟ್ಟಿನ ಸಮೇತ ಬೆಂಗಳೂರಿನ ಅಂಗಡಿಗೆ ಹೋಗಿ, ಆನೆಗೆ ತೊನ್ನು ಹತ್ತಿದೆ ಎಂದು ವಾಪಸ್ಸು ಬಂದವಂತೆ.

ಬೇರೆ ಊರಾಗಿದ್ದರೆ ಇದಕ್ಕೆ ಜಗಳವಾಗುತ್ತಿತ್ತು. ಆದರೆ ನಮ್ಮಪ್ಪನೂ ಆ ಸಾಹೇಬರೂ ಬೀದಿಯಲ್ಲಿ ನಿಂತು ಗಾಳಿ ಎತ್ತ ಬೀಸುತ್ತದೆ ಎಂದು ನೋಡಿ, ಒಂದೊಂದು ಬೀಡಿ ಹಚ್ಚಿ, ಬೀಡಿಯ ಹೊಗೆ ಹೋದ ದಿಕ್ಕನ್ನೂ ನೋಡಿ ಖಚಿತಪಡಿಸಿಕೊಂಡು, ಶೆಡ್ಡುಗಳನ್ನು ಅದಲು ಬದಲು ಮಾಡಿಕೊಂಡುಬಿಟ್ಟರು. ಮಿಲ್ಲು ಮೂಡಣದ ಶೆಡ್ಡಿಗೆ ಬಂತು, ಲೇತುಗಳು ಪಡುವಣದ ಶೆಡ್ಡಿಗೆ ಹೋದವು. ಕಾಗದವಿಲ್ಲ, ಪತ್ರವಿಲ್ಲ, ಸಾಕ್ಷಿಗೆ ಆಷಾಢದ ಗಾಳಿ ಒಂದೇ. ಇದೇನು ನಮ್ಮವರು ಕಂಡುಹಿಡಿದ ಹೊಸ ಪದ್ಧತಿಯಲ್ಲ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಈಗಲೂ, ‘ನಿನ್ನ ಕೆರೆ ಹಿಂದಿನ ಹೊಲ ನಂಗಿರ್ಲಿ, ನನ್ನ ದಿಣ್ಣೆ ಹೊಲ ನಿಂಗಿರ್ಲಿ’ ಎಂದು ಬಾಯಲ್ಲೇ ಹೇಳಿ ತಲೆಮಾರುಗಟ್ಟಲೆ ಉತ್ತುಕೊಂಡು ಹೋಗುವವರಿದ್ದಾರೆ. ಅದಕ್ಕೆ ‘ಅದ್ಲುಬದ್ಲಿ’ ಎಂಬ ಹೆಸರೇ ಸಾಕು, ಮತ್ತೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಅಪ್ಪಂದಿರು ಹೋದರು. ಖಾತೆಗಳು ಮಾತ್ರ ಕಾಗದದಲ್ಲಿದ್ದಂತೆಯೇ ಮಕ್ಕಳ ಹೆಸರಿಗೆ ಬಂದವು. ಅಂದರೆ ಪಡುವಣದ ಶೆಡ್ಡು ನನ್ನ ಹೆಸರಿನಲ್ಲಿ, ಅದರಲ್ಲಿ ಬೊಂಬೆ ಕಡೆಯುವವರು ಆ ಸಾಹೇಬರ ಮಗ ಇನಾಯತ್ ಸಾಹೇಬರು. ಮೂಡಣದ ಶೆಡ್ಡು ಇನಾಯತ್ ಸಾಹೇಬರ ಹೆಸರಿನಲ್ಲಿ, ಅದರಲ್ಲಿ ರಾಗಿ ಬೀಸುವವನು ನಾನು. ನನ್ನ ಕರೆಂಟು ಬಿಲ್ಲು ಅವರ ಹೆಸರಿಗೆ ಬರುತ್ತದೆ, ಅವರದು ನನ್ನ ಹೆಸರಿಗೆ. ಒಮ್ಮೆ ಅವರು ಬಿಲ್ಲು ಕಟ್ಟುವುದು ಎರಡು ತಿಂಗಳು ಮರೆತಾಗ, ಕರೆಂಟಿನವರು ಬಂದು ನನಗೆ ಚೆನ್ನಾಗಿ ಬೈದು, ಅವರ ಫ್ಯೂಸು ಕಿತ್ತುಕೊಂಡು ಹೋದರು. ಬೈಸಿಕೊಂಡವನಿಗೆ ಬೆಳಕಿತ್ತು, ಬೈಸಿಕೊಳ್ಳದವರಿಗೆ ಕತ್ತಲು. ಇಬ್ಬರೂ ಟೀ ಕುಡಿದು ನಕ್ಕೆವು. ಹೀಗೆ ನಲವತ್ತು ವರ್ಷಕ್ಕೂ ಮೇಲೆ ಸುಖವಾಗಿ ಕಳೆಯಿತು.

ಈ ವರ್ಷ ಒಂದು ಬೆಳಿಗ್ಗೆ ಇನಾಯತ್ ಸಾಹೇಬರು ಮಿಲ್ಲಿನ ಬಾಗಿಲಲ್ಲಿ ಬಂದು ನಿಂತರು. ಮುಖ ತುಂಬ ಸಂತೋಷ. “ಪುಟ್ಟಸ್ವಾಮಣ್ಣ, ಹಜ್‌ಗೆ ಹೆಸ್ರು ಬಂದ್ಬುಡ್ತು” ಎಂದರು. ನಾನು ಬೆಲ್ಟು ನಿಲ್ಲಿಸಿ ಅವರ ಕೈ ಹಿಡಿದುಕೊಂಡೆ. ಎಷ್ಟೋ ವರ್ಷದಿಂದ ಕಾದಿದ್ದರು. ಆಮೇಲೆ ಅವರು ದನಿ ತಗ್ಗಿಸಿ, “ಹೋಗೋಕ್ ಮುಂಚೆ ಯಾರ್ ಜತೆ ಏನೇನ್ ಗೋಜ್ಲು ಐತೋ ಎಲ್ಲಾ ಬಿಡಿಸ್ಕಂಡ್ ಹೋಗ್ಬೇಕು. ನಮ್ ಶೆಡ್ಗಳದ್ ಒಂದ್ ಐತಲ್ಲಾ, ಅದ್ನ ಕಾಗ್ದ ಮಾಡ್ಸ್‌ಬುಡೋಣ” ಎಂದರು. ಈಗೇನು ಅವಸರ, ಹೋಗಿ ಬನ್ನಿ, ಆಮೇಲೆ ನೋಡೋಣ ಎಂದೆ. ಅವರು ತಲೆಯಾಡಿಸಿದರು. “ನಂಗೂ ಅರವತ್ತಾರ್ ಆಯ್ತು. ಅಲ್ಲಿಂದ ವಾಪಸ್ ಬತ್ತೀನೋ ಇಲ್ವೋ ಅಲ್ಲಾಗೇ ಗೊತ್ತು. ನನ್ ಮಕ್ಳು ಒಳ್ಳೆವ್ರೇಯ. ಆದ್ರೆ ಅವ್ರಿಗ್ ಕಾಗ್ದ ಗೊತ್ತು, ಗಾಳಿ ಗೊತ್ತಿಲ್ಲ.”

ಆ ಮಾತು ನನ್ನ ಎದೆಗೆ ತಾಕಿತು. ನಾವಿಬ್ಬರೂ ಕಣ್ಣು ಮುಚ್ಚಿದ ಮೇಲೆ ಕಾಗದ ಏನು ಹೇಳುತ್ತದೋ ಅದೇ ನಿಜ. ಕಾಗದದ ಪ್ರಕಾರ ನನ್ನ ಮಿಲ್ಲು ಅವರ ಮಕ್ಕಳ ಜಾಗದಲ್ಲಿ ಕೂತಿದೆ, ಅವರ ಲೇತುಗಳು ನನ್ನ ಜಾಗದಲ್ಲಿ. ಯಾರಾದರೂ ಒಬ್ಬರು ತಲೆ ಕೆಟ್ಟು ‘ಎದ್ದೇಳಿ’ ಎಂದರೆ ಎರಡು ಮನೆಯ ಅನ್ನವೂ ಹೋಗುತ್ತದೆ. ಅವರು ಹೊರಡಲು ಇನ್ನು ಆರು ವಾರವಿತ್ತು. ಅಷ್ಟರೊಳಗೆ ಎರಡು ಶೆಡ್ಡುಗಳೂ ಅವರವರ ಹೆಸರಿಗೆ ಆಗಲೇಬೇಕು ಎಂದು ತೀರ್ಮಾನಿಸಿದೆ. ಅದು ನನ್ನ ಹಠದ ಮೊದಲನೆಯ ಕಂತು.

ತೆರಿಗೆ ಗಿರಿಗೆ ಏನಾದರೂ ಬರುತ್ತದೆಯೇ ಎಂದು ಕನಕಪುರದ ನನ್ನ ಭಾವಮೈದನಿಗೆ ಫೋನು ಮಾಡಿದೆ. ನನ್ನ ಹೆಂಡತಿ ಜಯಮ್ಮನ ತಮ್ಮ ಇವನು. ಅವನಿಗೆ ಗೊತ್ತಿಲ್ಲದ ವಿಷಯವಿಲ್ಲ, ಗೊತ್ತಿರುವ ವಿಷಯವೂ ಇಲ್ಲ. “ಭಾವ, ತಲೆ ಕೆಡಿಸ್ಕಬ್ಯಾಡ. ಅದ್ಲುಬದ್ಲೀಲಿ ದುಡ್ ಕೈ ಬದ್ಲಾಯ್ತದಾ? ಇಲ್ಲ. ದುಡ್ಡೇ ಇಲ್ದ್ ಮ್ಯಾಲೆ ಲಾಭ ಎಲ್ಲೈತೆ? ಲಾಭ ಇಲ್ದ್ ಮ್ಯಾಲೆ ಟ್ಯಾಕ್ಸ್ ಯಾಕ್ ಕಟ್ತೀಯ?” ಎಂದ. ಅವನ ಮಾತು ಯಾವಾಗಲೂ ಹೀಗೆ, ಎಲ್ಲೂ ಸಂದು ಕಾಣುವುದಿಲ್ಲ. ನಾನು ಬಿ.ಕಾಂ. ಬೇರೆ. ಅದೇ ಸಂಜೆ ಇನಾಯತ್ ಸಾಹೇಬರ ಲೇತಿನ ಪಕ್ಕ ನಿಂತು, ಅವರ ಇಬ್ಬರು ಮಕ್ಕಳ ಎದುರಿಗೇ, “ಅದಲು ಬದಲಿಗೆ ತೆರಿಗೆ ಇಲ್ಲ. ನಾನು ಎಲ್ಲಾ ವಿಚಾರಿಸಿದ್ದೇನೆ” ಎಂದು ಘೋಷಿಸಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಹೇಬರು ಮಾತ್ರ, “ನೀವ್ ಓದ್ದವ್ರು, ನೀವ್ ಹೇಳಿದ್ರೆ ಸರಿ” ಎಂದರು. ಈ ಮಾತನ್ನು ನನ್ನ ಹೆಂಡತಿ ಒಂದು ಸಲವಾದರೂ ಹೇಳಿದ್ದರೆ ನನ್ನ ಆಯಸ್ಸು ಹತ್ತು ವರ್ಷ ಹೆಚ್ಚುತ್ತಿತ್ತು.

ಆದರೂ ಒಂದು ಮುದ್ರೆ ಬೀಳಲಿ ಎಂದು ರಾಮನಗರಕ್ಕೆ ಹೋಗಿ ಆಡಿಟರ್ ಶೈಲಜಾಳನ್ನು ಕಂಡೆ. ನಮ್ಮ ಹಳೆಯ ಆಡಿಟರು ಕೆಲಸ ನಿಲ್ಲಿಸಿದ ಮೇಲೆ ನನ್ನ ಫೈಲು ಈ ಹುಡುಗಿಯ ಕೈಗೆ ಬಂದಿದೆ. ಹುಡುಗಿ ಎಂದರೆ ಮೂವತ್ತೈದಾಗಿದೆ, ಆದರೆ ಚಿಕ್ಕವಳಾಗಿದ್ದಾಗ ಅಜ್ಜಿಯ ಜೊತೆ ರಾಗಿ ಡಬ್ಬ ಹೊತ್ತು ನಮ್ಮ ಮಿಲ್ಲಿಗೆ ಬಂದು ಹಿಟ್ಟಿಗೆ ಸೀನುತ್ತಿದ್ದವಳು, ನನ್ನ ಕಣ್ಣಿಗೆ ಇನ್ನೂ ಅಷ್ಟೇ. ಕಾಲ ಮೇಲೆ ಕಾಲು ಹಾಕಿ ಕೂತು ಎಲ್ಲ ಹೇಳಿ, “ಅದಲು ಬದಲಾದ್ದರಿಂದ ತೆರಿಗೆ ಇಲ್ಲ, ಅಲ್ವೇನಮ್ಮ?” ಎಂದೆ. ಅವಳು ಪೆನ್ನು ಕೆಳಗಿಟ್ಟಳು. ಆಡಿಟರುಗಳು ಪೆನ್ನು ಕೆಳಗಿಟ್ಟರೆ ಒಳ್ಳೆಯ ಸೂಚನೆಯಲ್ಲ.

“ಅಂಕಲ್, ಅದಲು ಬದಲೂ ಮಾರಾಟವೇ. ನೀವು ಕೊಟ್ಟ ಶೆಡ್ಡು ಮಾರಿದ ಹಾಗೆ. ತಗೊಂಡ ಶೆಡ್ಡು ಕೊಂಡ ಹಾಗೆ. ದುಡ್ಡಿನ ಬದಲು ಗೋಡೆ ತಗೊಂಡಿದ್ದೀರಿ, ಅಷ್ಟೇ.”

“ಆದ್ರೆ ಅದು ನಮ್ಮಪ್ಪನ ಕಾಲದಲ್ಲೇ ಆಗಿದ್ದಲ್ವೇನಮ್ಮ?”

“ಬೀಡಿ ಸೇದಿಕೊಂಡು ಆಗಿದ್ದನ್ನ ಕಾನೂನು ಒಪ್ಪಲ್ಲ ಅಂಕಲ್. ರಿಜಿಸ್ಟ್ರೇಷನ್ ಆದ ದಿನವೇ ಕೊಟ್ಟ ದಿನ. ಬೆಲೆ ಅಂದರೆ ಇವತ್ತಿನ ಬೆಲೆ. ಸರ್ಕಾರದ ಮಾರ್ಗಸೂಚಿ ದರಕ್ಕಿಂತ ಕಮ್ಮಿ ಬರೆಯೋ ಹಾಗಿಲ್ಲ.”

ಅಪ್ಪನ ಕಾಲದಲ್ಲಿ ನಮ್ಮ ಬೀದಿಯಲ್ಲಿ ಜಾಗಕ್ಕೆ ಬೆಲೆ ಎಂಬುದೇ ಇರಲಿಲ್ಲ, ಎಮ್ಮೆ ಕಟ್ಟುತ್ತಿದ್ದರು. ಈಗ ಬೆಂಗಳೂರು ಮೈಸೂರು ಹೆದ್ದಾರಿ ಕೂಗಳತೆಯಲ್ಲಿದೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಅಂದಿನ ಬೆಲೆಗೂ ಇಂದಿನ ಬೆಲೆಗೂ ನಡುವಿನ ವ್ಯತ್ಯಾಸವೇ ನನ್ನ ಲಾಭವಂತೆ. ಕೈಗೆ ಬಂದಿಲ್ಲ, ಕಣ್ಣಿಗೆ ಕಂಡಿಲ್ಲ, ಆದರೂ ಅದು ಲಾಭ. ಅದಕ್ಕೆ ತೆರಿಗೆ. “ಲಾಭದಷ್ಟು ಹಣವನ್ನ ಸರ್ಕಾರದ ಬಾಂಡಲ್ಲಿ ಐದು ವರ್ಷ ಇಟ್ಟರೆ ಜಾಗದ ಮೇಲಿನ ತೆರಿಗೆ ಉಳಿಸಬಹುದು” ಎಂದು ಶೈಲಜಾ ಒಂದು ದಾರಿ ತೋರಿಸಿದಳು. ಬಾರದ ಹಣವನ್ನು ಐದು ವರ್ಷ ಎಲ್ಲಿ ಇಡಲಿ ಎಂದು ನಾನು ಕೇಳಿದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವಳು ನನ್ನ ಹಳೆಯ ಫೈಲು ತೆರೆದು ಒಂದು ಹಾಳೆಯ ಮೇಲೆ ಬೆರಳಿಟ್ಟಳು. ಹಳೆಯ ಆಡಿಟರು ನನ್ನ ಹೆಸರಿನಲ್ಲಿದ್ದ ಶೆಡ್ಡಿಗೆ ವರ್ಷ ವರ್ಷವೂ ಸವಕಳಿ ತೋರಿಸಿದ್ದರು. ಬಳಸಿ ಬಳಸಿ ಕಟ್ಟಡ ಸವೆಯುತ್ತದಲ್ಲ, ಆ ಸವೆತವನ್ನು ಖರ್ಚಿನ ಲೆಕ್ಕಕ್ಕೆ ಹಾಕಿ ತೆರಿಗೆ ಕಡಿಮೆ ಮಾಡಿಕೊಳ್ಳುವ ಏರ್ಪಾಡು ಅದು.

“ಆ ಶೆಡ್ಡಲ್ಲಿ ನಿಮ್ಮ ವ್ಯಾಪಾರವೇ ಇರಲಿಲ್ಲವಲ್ಲ ಅಂಕಲ್? ಸವಕಳಿ ಹೇಗೆ ತಗೊಂಡ್ರಿ?”

“ಸಾಹೇಬರು ಬಳಸ್ತಾ ಇದ್ದರಲ್ಲಮ್ಮ. ಯಾರು ಬಳಸಿದರೂ ಗೋಡೆ ಸವೆಯುತ್ತೆ ತಾನೆ?”

ಅವಳು ಬಹಳ ಹೊತ್ತು ನನ್ನನ್ನು ನೋಡಿದಳು. ಚಿಕ್ಕವಳಿದ್ದಾಗ ಮಿಲ್ಲಿನಲ್ಲಿ ಕದ್ದು ಬೆಲ್ಲ ತಿಂದದ್ದಕ್ಕೆ ನಾನು ಹೀಗೆಯೇ ಅವಳನ್ನು ನೋಡಿದ್ದೆ ಎಂದು ನೆನಪಾಯಿತು. ಆಮೇಲೆ ಮೃದುವಾಗಿ, “ಹಳೇ ಲೆಕ್ಕ ಸರಿಪಡಿಸಿ, ತಪ್ಪಾಗಿ ಉಳಿಸಿದ್ದನ್ನ ಬಡ್ಡಿ ಸಮೇತ ಕಟ್ಟಬೇಕು. ಇದೆಲ್ಲ ನಿಮಗೆ ಅರ್ಥವಾಗಲ್ಲ ಬಿಡಿ ಅಂಕಲ್, ನಾನು ನೋಡ್ಕೋತೀನಿ” ಎಂದಳು.

ಆಯಿತಲ್ಲ. ಆಡಬಾರದ ಮಾತು ಆಡಿಬಿಟ್ಟಳು. ರಾಮನಗರದಿಂದ ಬಸ್ಸು ಹತ್ತಿದವನು ಕೆಂಗಲ್ ಆಂಜನೇಯನ ಗುಡಿ ಬಂದಾಗ ಕೂತಲ್ಲೇ ಕೈ ಮುಗಿದು, ಈ ವಿಷಯವನ್ನು ತಲೆಯಿಂದ ಬುಡದವರೆಗೆ ಅರ್ಥ ಮಾಡಿಕೊಂಡೇ ತೀರುತ್ತೇನೆ ಎಂದು ಸಂಕಲ್ಪ ಮಾಡಿದೆ. ಅಟ್ಟದ ಮೇಲಿದ್ದ ಬಿ.ಕಾಂ. ಪುಸ್ತಕಗಳನ್ನು ಇಳಿಸಿದೆ. ಅವುಗಳಲ್ಲಿ ನಿಜವಾದ ಸವಕಳಿ ಆಗಿತ್ತು, ಸವಕಳಿಯ ಅಧ್ಯಾಯವನ್ನೇ ಗೆದ್ದಲು ತಿಂದಿತ್ತು. ಮೊಬೈಲಿನಲ್ಲಿ ವೀಡಿಯೊಗಳನ್ನು ನೋಡಿದೆ. ಟೈ ಕಟ್ಟಿದ ಒಬ್ಬ ಹುಡುಗ ಬಂದು, ‘ಬಹಳ ಸುಲಭ, ಎರಡೇ ನಿಮಿಷ’ ಎಂದು ಶುರುಮಾಡಿ ನಲವತ್ತು ನಿಮಿಷ ಮಾತಾಡುತ್ತಿದ್ದ. ನಾನು ನೋಟು ಪುಸ್ತಕದಲ್ಲಿ ಎರಡು ಶೆಡ್ಡುಗಳ ಚಿತ್ರ ಬರೆದು, ನಡುವೆ ಬಾಣಗಳನ್ನು ಹಾಕಿ, ಜಾಗ ಬೇರೆ, ಕಟ್ಟಡ ಬೇರೆ ಎಂದು ವಿಂಗಡಿಸಿದೆ. ಜಾಗ ಎಂದೂ ಸವೆಯುವುದಿಲ್ಲ, ಹಾಗಾಗಿ ಅದಕ್ಕೆ ಸವಕಳಿಯೂ ಇಲ್ಲ. ಕಟ್ಟಡದ ಲೆಕ್ಕ ಅದೇ ವರ್ಷ ಬಂದ ಇನ್ನೊಂದು ಕಟ್ಟಡದ ಜೊತೆ ಬಹುಮಟ್ಟಿಗೆ ವಜಾ ಆಗಿಹೋಗುತ್ತದೆ. ನನ್ನ ಪ್ರಾಣ ತಿನ್ನುವುದು ಜಾಗವೇ. ಇಷ್ಟು ತಿಳಿಯಲು ಹನ್ನೆರಡು ದಿನ ಹಿಡಿಯಿತು. ಒಂದು ದಿನ ಹೀಗೆ ಬಾಣ ಹಾಕುತ್ತಾ ಗೌಡರ ಮನೆಯ ಗೋಧಿಯನ್ನು ರಾಗಿಯ ಕಲ್ಲಿಗೆ ಸುರಿದುಬಿಟ್ಟೆ. ಅವರ ಮನೆಯಲ್ಲಿ ಆ ವಾರವೆಲ್ಲ ಕರಿಯ ಚಪಾತಿ.

ಜಯಮ್ಮ ಎಲ್ಲ ನೋಡುತ್ತಿದ್ದಳು. “ಅಲ್ಲ ಕಣ್ರೀ, ಆ ಹುಡ್ಗಿ ನೋಡ್ಕತ್ತೀನಿ ಅಂದ್ಲಂತಲ್ಲ, ನೀವ್ಯಾಕ್ ಹಿಂಗ್ ಒದ್ದಾಡ್ತಿದ್ದೀರಾ?” ಎಂದಳು. ಅರ್ಥವಾಗದ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ ಎಂದೆ. “ಮದ್ವೆ ರಿಜಿಸ್ಟ್ರಿಗ್ ಹಾಕಿದ್ರಲ್ಲಾ” ಎಂದು ಅವಳು ಒಳಗೆ ಹೋದಳು.

ಹದಿಮೂರನೆಯ ದಿನ ನನಗೆ ಜ್ಞಾನೋದಯವಾಯಿತು. ಎಂಥ ಸರಳ ಉಪಾಯ! ಕೊಟ್ಟರೆ ತಾನೆ ಮಾರಾಟ, ತಗೊಂಡರೆ ತಾನೆ ಖರೀದಿ? ಕಾಗದವನ್ನು ಶೆಡ್ಡಿಗೆ ಹೊಂದಿಸುವ ಬದಲು ನಾವೇ ಕಾಗದಕ್ಕೆ ಹೊಂದಿಕೊಂಡುಬಿಟ್ಟರೆ? ಮಿಲ್ಲನ್ನು ಎತ್ತಿ ನನ್ನ ಹೆಸರಿನ ಪಡುವಣದ ಶೆಡ್ಡಿಗೆ ಹಾಕುವುದು, ಲೇತುಗಳನ್ನು ಎತ್ತಿ ಸಾಹೇಬರ ಹೆಸರಿನ ಮೂಡಣದ ಶೆಡ್ಡಿಗೆ ಹಾಕುವುದು. ಯಾರೂ ಯಾರಿಗೂ ಏನೂ ಕೊಟ್ಟಂತಲ್ಲ. ತೆರಿಗೆ ಸೊನ್ನೆ, ಸ್ಟಾಂಪು ಸೊನ್ನೆ. ಇಡೀ ತೆರಿಗೆ ಇಲಾಖೆಯನ್ನು ಒಬ್ಬನೇ ಮಣಿಸಿದ ಹೆಮ್ಮೆಯಲ್ಲಿ ಮುಷ್ಟಿ ತುಂಬ ಹಿಟ್ಟು ಹಿಡಿದುಕೊಂಡು ಬೀದಿಗೆ ಬಂದೆ. ಗಾಳಿಯ ಪರೀಕ್ಷೆ ಒಂದು ಬಾಕಿಯಿತ್ತು. ಕಾಲ ಬದಲಾಗಿದೆ, ಸುತ್ತ ಮೂರು ಅಂತಸ್ತಿನ ಮನೆಗಳು ಎದ್ದಿವೆ, ಗಾಳಿಯೂ ಬದಲಾಗಿರಬಹುದು ಎಂಬ ಆಸೆ. ಹಿಟ್ಟು ತೂರಿದೆ. ಅದು ಒಂದು ಕ್ಷಣ ಯೋಚಿಸಿ, ಪೂರಾ ನನ್ನ ಮುಖದ ಮೇಲೆ ಬಂತು. ನಾನು ಪಡುವಣಕ್ಕೆ ಮುಖ ಮಾಡಿ ನಿಂತಿದ್ದೆ.

ಆ ಹಿಟ್ಟು ಮೆತ್ತಿದ ಮುಖದಲ್ಲೇ ಹೋಗಿ ಇನಾಯತ್ ಸಾಹೇಬರಿಗೆ ನನ್ನ ಉಪಾಯ ಹೇಳಿದೆ. ಅವರು ಒಂದು ಬಟ್ಟಲಿಗೆ ಹಳದಿ ಬಣ್ಣ ಹತ್ತಿಸುತ್ತಿದ್ದರು. ಲೇತು ನಿಲ್ಲಿಸಿ ಪೂರ್ತಿ ಕೇಳಿದರು. ನಕ್ಕಾರು ಅಂದುಕೊಂಡೆ, ಬೈದಾರು ಅಂದುಕೊಂಡೆ. ಅವರು ಬಟ್ಟಲನ್ನು ಬಿಡಿಸಿ, ಅಂಗೈಯಲ್ಲಿಟ್ಟುಕೊಂಡು ಒಮ್ಮೆ ತಿರುಗಿಸಿ ನೋಡಿ, “ಆಯ್ತು ಬುಡಿ. ನಿಮ್ಗ್ ಟ್ಯಾಕ್ಸ್ ಉಳೀತದೆ ಅಂದ್ರೆ ಹಂಗೇ ಮಾಡೋಣ. ಆಷಾಢ ಶ್ರಾವ್ಣ ಎರ್ಡ್ ತಿಂಗ್ಳು ಲೇತ್ ನಿಲ್ಸಿದ್ರಾಯ್ತು” ಎಂದರು. ಅಷ್ಟೇ. ಅವರ ಬೆನ್ನ ಹಿಂದೆ ಕೆಲಸ ಮಾಡುತ್ತಿದ್ದ ದೊಡ್ಡ ಮಗನ ಕೈ ನಿಂತುಹೋಯಿತು. ವರ್ಷಕ್ಕೆ ಎರಡು ತಿಂಗಳು ಕೆಲಸ ನಿಲ್ಲಿಸಿದರೆ ಒಂದು ಬೊಂಬೆ ಶೆಡ್ಡಿನಲ್ಲಿ ಏನು ಉಳಿಯುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ನನಗೆ ನಾಚಿಕೆಯಾಯಿತು. ಮುಖದಲ್ಲಿ ಹಿಟ್ಟಿದ್ದುದರಿಂದ ಯಾರಿಗೂ ಕಾಣಲಿಲ್ಲ. “ಬೇಡ, ಬೇಡ, ಸುಮ್ನೆ ಹೇಳಿದ್ದು. ತೆರಿಗೆ ಕಟ್ಟೋಣ” ಎಂದು ಹೊರಗೆ ಬಂದೆ.

ಇನ್ನು ಹಿಂದೆ ನೋಡುವುದಿಲ್ಲ ಎಂದು ನಿರ್ಧರಿಸಿದೆ. ಹೊಸ ಮಿಷನ್ನಿಗೆಂದು ಕೂಡಿಟ್ಟಿದ್ದ ಹಣವಿತ್ತು. ಹಳೆಯ ಮಿಷನ್ನು ಇನ್ನೂ ಐದು ವರ್ಷ ಕೆಮ್ಮಿಕೊಂಡು ಓಡಲಿ ಬಿಡು ಎಂದು ಅದನ್ನು ತೆರಿಗೆಗೆ ಮೀಸಲಿಟ್ಟೆ. ಶೈಲಜಾಳ ಮುಂದೆ ನೋಟು ಪುಸ್ತಕ ಹರವಿ ನನ್ನ ಬಾಣಗಳನ್ನು ವಿವರಿಸಿದೆ. ಅವಳು ಎರಡು ಕಡೆ ಮಾತ್ರ ತಿದ್ದಿ, “ಪರವಾಗಿಲ್ಲ ಅಂಕಲ್!” ಎಂದಳು. ಮೂರನೇ ದರ್ಜೆ ಬಂದಾಗ ನಮ್ಮ ಮೇಷ್ಟ್ರು ಹೇಳಿದ್ದೂ ಇದೇ ಮಾತು, ಆದರೆ ಆಶ್ಚರ್ಯಸೂಚಕ ಇರಲಿಲ್ಲ. ಪತ್ರ ಬರೆಯಲು ಎರಡು ಜಾಗಗಳ ಸರಿಯಾದ ಅಳತೆ ಬೇಕು, ಅಳೆಸಿಕೊಂಡು ಬನ್ನಿ ಎಂದಳು. ಅಳೆಯುವುದೇನು, ಎರಡೂ ಒಂದೇ ಸಮ, ಅಪ್ಪನೇ ಹೇಳುತ್ತಿದ್ದರು ಎಂದೆ.

ಸರ್ವೇಯರು ಬಂದರು. ಪಡುವಣದ ಶೆಡ್ಡಿನ ಜಾಗ ಮೂವತ್ತಡಿ ಅಗಲ. ಮೂಡಣದ್ದು, ಅಂದರೆ ನಾನು ಮಿಲ್ಲಿಟ್ಟುಕೊಂಡದ್ದು, ಮೂವತ್ತಾರು. ಟೇಪು ಜಗ್ಗಿರಬೇಕು ಎಂದೆ. ಮತ್ತೊಮ್ಮೆ ಅಳೆದರು, ಮೂವತ್ತಾರೇ. ಈ ಸಲ ನಾನೇ ಟೇಪಿನ ತುದಿ ಹಿಡಿದಿದ್ದೆ. ಸರ್ವೇಯರು ನೆಲದ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆದು, “ಇಲ್ಲಿಂದ ಆಚೆಗೆ ಹೆಚ್ಚಿನದು” ಎಂದರು. ಗೆರೆಯಾಚೆಗೆ ನನ್ನ ಮೇಜು, ನನ್ನ ಕುರ್ಚಿ, ಗಿರಾಕಿಗಳು ಕೂರುವ ಬೆಂಚು, ಗೋಡೆಯ ಮೇಲೆ ನನ್ನ ಸರ್ಟಿಫಿಕೇಟು. ಅಪ್ಪನ ತರುವಾಯ ನಾನು ಯಜಮಾನನಂತೆ ಕೂತು ಊರಿಗೆಲ್ಲ ಬುದ್ಧಿ ಹೇಳಿದ ಜಾಗವೇ ಆ ಆರಡಿ.

ಇನಾಯತ್ ಸಾಹೇಬರ ಮುಖ ನೋಡಿದೆ. ಅವರಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. “ನಿಮಗೆ ಗೊತ್ತಿತ್ತಾ?” ಎಂದೆ. ಅವರು ಸಂಕೋಚದಿಂದ ಗಡ್ಡ ನೇವರಿಸಿಕೊಂಡರು. “ನಮ್ಮಪ್ಪಂಗ್ ಗೊತ್ತಿತ್ತು. ಮಿಲ್ ಬೆಲ್ಟು ಉದ್ದ, ಅವ್ರಿಗ್ ಜಾಗ ಬೇಕಾಯ್ತದೆ, ಬಾಯ್ ಬುಡ್ಬೇಡ ಅಂದಿದ್ರು. ಈಗ್ಲೂ ಅದ್ಕೇನಿಲ್ಲ, ಅದ್ ನಿಮ್ದೇಯ. ಹಂಗೇ ಬರ್ಸಿ.” ಅಪ್ಪನಿಗೆ ಇದು ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಗೊತ್ತಿದ್ದೂ ‘ಒಂದೇ ಸಮ’ ಎಂದಿದ್ದರೆ ಎಂಬ ಯೋಚನೆ ಬಂದು ಆ ದಿನ ಮುದ್ದೆ ಒಂದೇ ಆಯಿತು.

ಮನೆಯಲ್ಲಿ ಹೇಳಿದಾಗ ಜಯಮ್ಮ ತಮಾಷೆ ಮಾಡಲಿಲ್ಲ. “ಅವ್ರು ಬ್ಯಾಡ ಅಂದ್ರೂ ದುಡ್ ಕೊಟ್ಬುಡಿ. ಆ ಯಪ್ಪ ದೇವ್ರ ತಾವ್ಕೆ ಹೊಂಟವ್ರೆ” ಎಂದಳು. ಕೊಡುತ್ತೇನೆಂದು ಹೋದರೆ ಸಾಹೇಬರು ಕೈ ಅಡ್ಡ ಹಿಡಿದರು. ಕೊಟ್ಟದ್ದಕ್ಕೆ ಬೆಲೆ ತಗೊಂಡರೆ ಅಪ್ಪನ ಮಾತಿಗೆ ಅವಮಾನ ಎಂದರು. ಇಬ್ಬರೂ ಸೇರಿ ಶೈಲಜಾಳ ಬಳಿಗೆ ಹೋದೆವು. ಅವಳು ಎಲ್ಲ ಕೇಳಿ ಮತ್ತೆ ಪೆನ್ನು ಕೆಳಗಿಟ್ಟಳು.

“ಅದಕ್ಕೂ ತೆರಿಗೆ ಇದೆ ಅಂಕಲ್. ಸ್ವಂತ ಬಂಧುಗಳಲ್ಲದವರು ಬೆಲೆಗಿಂತ ಇಷ್ಟು ಕಮ್ಮಿಗೆ ಜಾಗ ಕೊಟ್ಟರೆ, ಆ ವ್ಯತ್ಯಾಸ ನಿಮ್ಮ ವರಮಾನ ಅಂತ ಲೆಕ್ಕ. ಅದರ ಮೇಲೆ ನೀವು ತೆರಿಗೆ ಕಟ್ಟಬೇಕು.” ಆಮೇಲೆ ಸಾಹೇಬರ ಕಡೆ ತಿರುಗಿ, “ನೀವು ಆರಡಿಗೆ ದುಡ್ಡು ತಗೊಂಡರೂ ನಿಮ್ಮ ತೆರಿಗೆ ಅಷ್ಟೇ, ಬಿಟ್ಟರೂ ಅಷ್ಟೇ. ಸರ್ಕಾರದ ದರದಲ್ಲಿ ಪೂರ್ತಿ ಬೆಲೆ ಬಂತು ಅಂತಲೇ ಲೆಕ್ಕ” ಎಂದಳು.

ಸಾಹೇಬರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. “ಅಂದ್ರೆ ನಾನ್ ಸುಮ್ಕ್ ಕೊಟ್ರೆ ಪುಟ್ಟಸ್ವಾಮಣ್ಣಂಗ್ ದಂಡ?” ಎಂದು ಕೇಳಿದರು. ಹೆಚ್ಚುಕಮ್ಮಿ ಹಾಗೆಯೇ ಎಂದಳು ಶೈಲಜಾ. “ಹಂಗಾದ್ರೆ ತಗತೀನಿ” ಎಂದರು ಅವರು. ತಮಗೆ ಬರಬೇಕಾದ ಹಣವನ್ನು ನನಗೆ ತೊಂದರೆಯಾಗಬಾರದೆಂದು ತೆಗೆದುಕೊಳ್ಳಲು ಒಪ್ಪಿದ ಮನುಷ್ಯನನ್ನು ನಾನು ಮೊದಲ ಸಲ ನೋಡಿದ್ದು. ತೆರಿಗೆಗೂ ಆರಡಿಗೂ ಸೇರಿ ಮಿಷನ್ನಿನ ಹಣ ಸಾಲಲಿಲ್ಲ. ಜಯಮ್ಮ ತನ್ನ ಚೀಟಿಯ ಹಣ ತಂದು ಮೇಜಿನ ಮೇಲಿಟ್ಟಳು.

ರಿಜಿಸ್ಟ್ರೇಷನ್ನಿಗೆ ಸಿಕ್ಕಿದ್ದು ಅವರು ಹೊರಡುವುದಕ್ಕೆ ನಾಲ್ಕು ದಿನ ಮುಂಚಿನ ದಿನಾಂಕ, ಹನ್ನೊಂದೂವರೆ ಗಂಟೆಗೆ. ಆ ಬೆಳಿಗ್ಗೆ ನಾನು ಒಗೆದ ಬಿಳಿ ಅಂಗಿ ತೊಟ್ಟು, ಬ್ಯಾಂಕಿನ ಚೆಕ್ಕನ್ನು ಎರಡು ಸಲ ಮುಟ್ಟಿ ನೋಡಿಕೊಂಡು, ಮಿಲ್ಲಿನಲ್ಲಿ ನನ್ನ ಕುರ್ಚಿಯಲ್ಲಿ ಕೂತಿದ್ದೆ. ಮನಸ್ಸು ಹಗುರವಾಗಿತ್ತು. ಎಷ್ಟು ದೊಡ್ಡ ವಿಷಯವನ್ನು ಅರ್ಥ ಮಾಡಿಕೊಂಡೆ, ಎಷ್ಟು ಖರ್ಚಿಗೆ ಎದೆಗೊಟ್ಟೆ, ಮಾತಿಗೆ ತಪ್ಪದವನು ಎಂದರೆ ನಾನೇ ಎಂದೆಲ್ಲ ನನ್ನ ಬಗ್ಗೆ ನನಗೇ ಗೌರವ ಬರುತ್ತಿತ್ತು. ಒಂಬತ್ತು ಗಂಟೆಗೆ ಇನಾಯತ್ ಸಾಹೇಬರು ಬಂದರು. ಇಷ್ಟು ಬೇಗ ಯಾಕೆಂದು ಕೇಳಿದೆ. ಅವರು ಟೋಪಿ ಸರಿಮಾಡಿಕೊಂಡು ನನ್ನ ಮೇಜಿನ ಮುಂದೆ ನಿಂತರು. ಹಜ್‌ಗೆ ಹೊರಡುವವರು ಪರಿಚಯದವರ ಬಳಿಗೆಲ್ಲ ಹೋಗಿ ತಪ್ಪಿಗೆ ಕ್ಷಮೆ ಕೇಳಿಕೊಳ್ಳುವುದು ಅವರಲ್ಲಿ ಪದ್ಧತಿ. ಬೀದಿಯಲ್ಲಿ ಎಲ್ಲರ ಮನೆಗೂ ಹೋಗಿ ಬಂದು, ಕೊನೆಗೆ ನನ್ನಲ್ಲಿಗೆ ಬಂದಿದ್ದರು.

“ಪುಟ್ಟಸ್ವಾಮಣ್ಣ, ಇಷ್ಟ್ ವರ್ಷ ಪಕ್ಕದಾಗ್ ಇದ್ದೀವಿ. ಮಾತ್ನಾಗೋ, ಜಾಗದ್ ವಿಚಾರ್ದಾಗೋ, ಗೊತ್ತಿದ್ದೋ ಗೊತ್ತಿಲ್ದೆನೋ ನನ್ ಕಡೆಯಿಂದ ಏನಾರ ತಪ್ಪಾಗಿದ್ರೆ ಮಾಫ್ ಮಾಡ್ಬುಡಿ.”

ಅವರ ಕಣ್ಣು ತೇವವಾಗಿತ್ತು. ಏನು ಹೇಳಬೇಕೆಂದು ಯೋಚಿಸುವ ಮೊದಲೇ, ಊರಿಗೆಲ್ಲ ಬುದ್ಧಿ ಹೇಳುವ ಆ ಹಳೆಯ ದನಿಯಲ್ಲಿ, “ಅಯ್ಯೋ ಬಿಡಿ ಸಾಹೇಬ್ರೇ, ನಾನು ಯಾವುದನ್ನೂ ಮನಸ್ಸಲ್ಲಿ ಇಟ್ಕೊಂಡಿಲ್ಲ. ಎಲ್ಲಾ ಕ್ಷಮಿಸಿದ್ದೀನಿ, ನೆಮ್ಮದಿಯಾಗಿ ಹೋಗಿಬನ್ನಿ” ಎಂದುಬಿಟ್ಟೆ. ಅವರು ಎರಡೂ ಕೈಯಲ್ಲಿ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡು, ಅಂಗಿ ಬದಲಿಸಿ ಬರುತ್ತೇನೆಂದು ಹೋದರು. ಅವರು ಹೋದ ಮೇಲೆ ನನ್ನ ಕಣ್ಣು ನೆಲದ ಮೇಲಿನ ಸುಣ್ಣದ ಗೆರೆಗೆ ಬಿತ್ತು. ಗೋಡೆ ಗಡಿಯಾರದಲ್ಲಿ ಒಂಬತ್ತೂ ಹತ್ತು. ಹನ್ನೆರಡು ದಿನ ಬಾಣ ಹಾಕಿ ಕಲಿತ ಕಾನೂನಿನ ಪ್ರಕಾರ, ಹನ್ನೊಂದೂವರೆಯವರೆಗೆ ಆ ಜಾಗ ಅವರದೇ. ಅದರ ಯಜಮಾನರನ್ನು ಮುಂದೆ ನಿಲ್ಲಿಸಿಕೊಂಡು, ಅವರ ಆರಡಿಯಲ್ಲಿ ಕುರ್ಚಿ ಹಾಕಿ ಕೂತುಕೊಂಡೇ, ನಾನು ಅವರನ್ನು ಕ್ಷಮಿಸಿದ್ದೆ.